ಒಪ್ಕೊಂಡ್ರೆ ಮಾಡಿದಾರೆ ಅಂತಾನಾ?

"ಮಾಡದೇ ಇರೋ ಕೊಲೆನ ಯಾವನಾದ್ರೂ ಒಪ್ಕೋತಾನಾ" ಅಂತ ಲೇಖನದಲ್ಲಿ ಕೇಳಿದೀರಲ್ಲ, ನಾನೂ ಮುಂಚೆ ಹಂಗೇ ಅನ್ಕೊಂಡಿದ್ದೆ. ಆಮೇಲೆ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಕೇಸ್ ಓದ್ದೆ. 1989ರಲ್ಲಿ ಅಲ್ಲಿ ಜಾಗಿಂಗ್ ಮಾಡ್ತಿದ್ದ ಹೆಂಗಸಿನ ಮೇಲೆ ಅತ್ಯಾಚಾರ ಆಯ್ತು, ಪೊಲೀಸ್ರು 14ರಿಂದ 16 ವಯಸ್ಸಿನ ಐದು ಹುಡುಗ್ರನ್ನ ಹಿಡ್ಕೊಂಡು ಗಂಟೆಗಟ್ಲೆ ಕೂರಿಸಿ ಕೇಳಿದ್ರು, ಕೊನೆಗೆ ನಾಲ್ಕು ಜನ ಕ್ಯಾಮೆರಾ ಮುಂದೆನೇ ಒಪ್ಕೊಂಡ್ರು. ಒಬ್ಬ ಹೇಳಿದ್ದು ಇನ್ನೊಬ್ಬನದಕ್ಕೆ ತಾಳೆ ಆಗ್ತಿರ್ಲಿಲ್ಲ, ಡಿಎನ್‌ಎ ಐವರಲ್ಲಿ ಒಬ್ರದ್ದೂ ಅಲ್ಲ, ಆದ್ರೂ ಐವರಿಗೂ ಶಿಕ್ಷೆ ಆಯ್ತು! 2002ರಲ್ಲಿ ಜೈಲಲ್ಲಿದ್ದ ಬೇರೆ ಒಬ್ಬ ನಾನೇ ಮಾಡಿದ್ದು ಅಂದ, ಡಿಎನ್‌ಎ ಅವನದ್ದೇ, ಆಗ ಶಿಕ್ಷೆ ರದ್ದಾಯ್ತು.

ನನಗೆ ಜಾಸ್ತಿ ಕಾಡಿದ್ದು ಆ ವಿಡಿಯೋ. ಕ್ಯಾಮೆರಾ ಆನ್ ಆಗಿದ್ದು ಒಪ್ಕೊಳ್ಳೋ ಹೊತ್ತಿಗೆ, ಅದಕ್ಕೂ ಮುಂಚಿನ ಅಷ್ಟೂ ಗಂಟೆ ಏನಾಯ್ತು ಅನ್ನೋದು ರೆಕಾರ್ಡೇ ಇಲ್ಲ. ನಿದ್ದೆಗೆಟ್ಟ ಹುಡುಗನಿಗೆ ಹತ್ತು ವರ್ಷ ಜೈಲು ಅನ್ನೋದು ಕಣ್ಣಿಗೆ ಕಾಣಲ್ಲ, ಬಾಗ್ಲು ಕಾಣುತ್ತೆ, ಹೂಂ ಅಂದ್ರೆ ಮನೆಗೆ ಬಿಡ್ತಾರೆ ಅನ್ಸುತ್ತೆ. ಇನ್ನು "ಅಪರಾಧಿಗೆ ಮಾತ್ರ ಗೊತ್ತಿರೋ ವಿಷ್ಯ ಹೇಳ್ದ" ಅಂತಾರಲ್ಲ, ಎಷ್ಟೋ ಸಲ ಅದನ್ನ ಪ್ರಶ್ನೆ ಕೇಳೋರೇ ಬಾಯಿ ತಪ್ಪಿ ಬಿಟ್ಟಿರ್ತಾರೆ, "ಚಾಕು ಎಲ್ಲಿ ಎಸ್ದೆ" ಅಂದ್ರೆ ಚಾಕು ಅಂತ ನೀವೇ ಹೇಳಿದಂಗಾಯ್ತಲ್ವಾ ಸ್ವಾಮಿ? ಅದೂ ಅಲ್ದೆ ಅಮೆರಿಕದಲ್ಲಿ ವಿಚಾರಣೆ ವೇಳೆ ಪೊಲೀಸ್ರು ಸುಳ್ಳು ಹೇಳಬಹುದು, ನಿನ್ನ ಫ್ರೆಂಡ್ ಆಗಲೇ ಒಪ್ಕೊಂಡ ಅಂತ. 1969ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿದ್ದು ಇಂಥದ್ದೇ ಸುಳ್ಳು, ಅಷ್ಟಕ್ಕೇ ತಪ್ಪೊಪ್ಪಿಗೆ ಬಿದ್ದೋಗಲ್ಲ ಅಂತು ಕೋರ್ಟು. ಮಕ್ಕಳ ಹತ್ರ ಹಂಗೆ ಮಾಡ್ಬಾರ್ದು ಅಂತ ಅಲ್ಲಿನ ಇಲಿನಾಯ್ ರಾಜ್ಯ ಕಾನೂನು ಮಾಡಿದ್ದು 2021ರಲ್ಲಿ.