ಪೋರ್ಟ್ ಓಪನ್ನು, ಬಾಯಿ ಬಂದ್

ವಸಂತನರಸಾಪುರದ ಕಡೆ ಯಾವ ಕಾರ್ಖಾನೆಗೆ ಮಾಲು ತೋರಿಸಲು ಬಂದರೂ ಸೇಲ್ಸ್‌ನವರ ಮೊದಲ ಮಾತು ಒಂದೇ: "ನಮ್ಮದು ಪೂರ್ತಿ ಓಪನ್ ಸಾರ್, ಯಾರ ಯಂತ್ರದ ಜೊತೆಗೂ ಮಾತಾಡುತ್ತೆ!" ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್, ಅಂದರೆ ಪಿಎಲ್‌ಸಿ ಮಾರುವವರೂ ಅದನ್ನೇ ಹೇಳುತ್ತಾರೆ, ಮೋಟಾರಿನ ವೇಗ ಹಿಡಿತದಲ್ಲಿಡುವ ಡ್ರೈವ್ ಮಾರುವವರೂ ಅದನ್ನೇ. ಪರ್ಚೇಸ್ ಕಮಿಟಿಗೆ ಇಷ್ಟು ಸಾಕು. ಟೆಂಡರಿನಲ್ಲಿ "ಯಂತ್ರಗಳನ್ನು ತಂತಿಯಲ್ಲಿ ಜೋಡಿಸಲು ಆರ್‌ಎಸ್-485 ಪೋರ್ಟ್ ಇರಬೇಕು" ಎಂದು ಒಂದು ಸಾಲು ಬರೆದು, ಕಾಫಿ ಕುಡಿದು, ಎದ್ದು ಹೋಗುತ್ತದೆ.

ಪಾಪ, ಆರ್‌ಎಸ್-485ರ ತಪ್ಪೇನಿಲ್ಲ. 1983ರಿಂದ ದುಡಿಯುತ್ತಿದೆ. ಎರಡು ತಂತಿ ಹೆಣೆದು ಎಳೆದರೆ, ವೇಗ ಕಮ್ಮಿ ಇಟ್ಟುಕೊಂಡು 1200 ಮೀಟರ್ ಹೋಗುತ್ತದೆ. ಒಂದೇ ಸಾಲಿನಲ್ಲಿ 32 ಯಂತ್ರ ಹೊರುತ್ತದೆ. ಹಳೇ ಆರ್‌ಎಸ್-232 ಆದರೆ 15 ಮೀಟರಿಗೇ ಸುಸ್ತು, ಅದೂ ಒಬ್ಬರ ಜೊತೆ ಮಾತ್ರ ಮಾತು. ಆದರೆ 485 ಹೇಳುವುದು ತಂತಿಯಲ್ಲಿ ವೋಲ್ಟೇಜ್ ಹೇಗಿರಬೇಕು ಅಂತ ಅಷ್ಟೇ. ಅದರ ಮೇಲೆ ಯಾವ ಭಾಷೆ ಆಡಬೇಕು ಅನ್ನುವುದು ಅದಕ್ಕೆ ಬೇಡದ ವಿಷಯ. ಕ್ಯಾತ್ಸಂದ್ರದ ಹೋಟೆಲಿನಲ್ಲಿ ಖಾಲಿ ತಟ್ಟೆ ಮುಂದಿಟ್ಟು, "ಇಡ್ಲಿಗೆ ಬೇರೆ ಬಿಲ್ಲು" ಅಂದ ಹಾಗೆ.

ಭಾಷೆಗೆ ಮೋಡ್‌ಬಸ್ ಇದೆ. 1979ರಲ್ಲಿ ಮೋಡಿಕಾನ್ ಕಂಪನಿ ತಂದದ್ದು, ಈಗ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. "ಅದೂ ಇದೆ ಸಾರ್" ಅನ್ನುತ್ತಾರೆ. ಸರಿ, ಯಂತ್ರ ಅಂಕಿಗಳನ್ನು ಇಡುವ ಖಾನೆಗೆ ರಿಜಿಸ್ಟರ್ ಅಂತ ಹೆಸರು; ಯಾವ ರಿಜಿಸ್ಟರಿನಲ್ಲಿ ಏನಿದೆ, ಪಟ್ಟಿ ಕೊಡಿ ಅಂದರೆ ಮುಖ ಸಣ್ಣದಾಗುತ್ತದೆ. ಮೇಲ್ ಹಾಕಬೇಕಂತೆ. ಗುಟ್ಟು ಬಿಟ್ಟುಕೊಡುವುದಿಲ್ಲ ಅಂತ ಸಹಿ ಹಾಕಬೇಕಂತೆ. ಆಮೇಲೆ ಅವರದೇ ಕೇಬಲ್ ಕೊಳ್ಳಬೇಕಂತೆ! ಪಟ್ಟಿ ಸಿಕ್ಕಿತು ಅಂತ ಖುಷಿಪಡಬೇಡಿ. ದಶಮಾಂಶದ ಅಂಕಿಗೆ ಎರಡು ರಿಜಿಸ್ಟರ್ ಬೇಕು. ಯಾವುದು ಮೊದಲು ಅಂತ ಮೋಡ್‌ಬಸ್ ಹೇಳಿಲ್ಲ, ಅದು ಕಂಪನಿಯವರ ಚಿತ್ತ. ಅದಲು ಬದಲಾದರೆ 240 ವೋಲ್ಟ್ ಸ್ಕ್ರೀನಿನ ಮೇಲೆ ಸೊನ್ನೆ ಆಗಿ ಕೂತಿರುತ್ತದೆ. (ನಂಬಿ ಕೈ ಇಟ್ಟೀರಿ, ಜೋಕೆ.)

ಇನ್ನು 485ರ ಆ ಎರಡು ತಂತಿಗಳ, ಅಂದರೆ ಎ, ಬಿಗಳ ಜಗಳ. ಸ್ಟ್ಯಾಂಡರ್ಡ್‌ನಲ್ಲಿ ಎ ಅಂದದ್ದನ್ನು ಎಷ್ಟೋ ಚಿಪ್ ಮಾಡುವವರು ಬಿ ಅನ್ನುತ್ತಾರೆ. ಡ್ರೈವ್ ಮಾತಾಡದಿದ್ದರೆ ಎಲೆಕ್ಟ್ರಿಷಿಯನ್ ಎರಡನ್ನೂ ಸುಮ್ನೆ ತಿರುಗಿಸಿ ಹಾಕುತ್ತಾನೆ, ಕೆಲಸ ಆಗುತ್ತದೆ. ಇಷ್ಟು ಸುಲಭವಾಗಿ ಮುಗಿದರೆ ಕಮಿಟಿಗೆ ಹೊಟ್ಟೆನೋವು. ತಂತಿ ತಿರುಗಿಸಲು ನಿನಗೆ ಅನುಮತಿ ಕೊಟ್ಟವರು ಯಾರು ಅಂತ ಅವನಿಗೆ ಮೆಮೊ. ಮುಂದಿನ ಟೆಂಡರಿಗೆ ಒಂದು ಹೊಸ ಸಾಲೂ ಸೇರಿದೆ: ಎರಡೂ ತಂತಿ ಒಂದೇ ಬಣ್ಣದ್ದಿರಬೇಕು. ಉಲ್ಟಾ ಹಾಕಿದ್ದು ಯಾರಿಗೂ ಗೊತ್ತಾಗಬಾರದು, ಅಲ್ವಾ?