ಫ್ರೀ ಕೇಸ್ ಜೂನಿಯರ್ ಕೈಗೆ ಕೊಟ್ಟು ಕೈತೊಳ್ಕೊಬ್ಯಾಡ್ರಿ, ಜೊತಿಗೆ ಕುಂದರ್ರಿ

ಮೊನ್ನಿ ಬಾರ್ ರೂಮ್‌ನಾಗ ಚಾ ಕುಡಿಯೋಮುಂದ ಒಬ್ಬರು ಸೀನಿಯರ್ ಅಂದ್ರು, "ಲೀಗಲ್ ಏಡ್ ಕೇಸೆಲ್ಲಾ ಹೊಸ ಹುಡುಗರಿಗೆ ಕೊಟ್ಟುಬಿಡ್ರಿ ಮೇಡಂ, ಕೈ ಪಳಗ್ತದ, ಹ್ಯಾಂಗೂ ಕಕ್ಷಿದಾರರು ಫೀಸ್ ಕೊಡಲ್ಲ." ಲೀಗಲ್ ಏಡ್ ಅಂದ್ರ ಸರ್ಕಾರದ ಕಡಿಂದ ಸಿಗೋ ಉಚಿತ ಕಾನೂನು ನೆರವು. ಅವರು ಕೆಟ್ಟ ಮನಸಿನಿಂದ ಅಂದಿಲ್ಲ, ಜೂನಿಯರ್‌ಗಳ ಮ್ಯಾಲಿನ ಕಾಳಜಿಂದಲೇ ಅಂದ್ರು. ಆದ್ರ ಆ ಮಾತು ನಂಗ ಎರಡು ದಿನ ನಿದ್ದಿ ಕೊಟ್ಟಿಲ್ಲ. ಬಡವರ ಕೇಸಿನ ಮ್ಯಾಲ ಕೈ ಪಳಗಸ್ಕೊಂಡವಳು ನಾನೂ ಒಬ್ಬಾಕಿ, ಅದರ ಬೆಲಿ ಯಾರು ಕೊಟ್ರು ಅಂತ ನಂಗ ಗೊತ್ತದ.

ನಾ ವಕೀಲಿಕಿ ಸನದು ತಗೊಂಡು ಇನ್ನೂ ವರ್ಷ ತುಂಬಿದ್ದಿಲ್ಲ. ಆಗ ನಮ್ಮೂರು ಇನ್ನೂ ಗುಲಬರ್ಗಾ, ಹೈಕೋರ್ಟ್ ಸರ್ಕ್ಯೂಟ್ ಬೆಂಚ್ ಬಂದು (2008) ಸ್ವಲ್ಪೇ ದಿನ ಆಗಿತ್ತು. ಒಂದು ಕೋರ್ಟ್‌ನಾಗ ಸುಮ್ನ ಹಿಂದ ಕುಂತಿದ್ದೆ, ಮನಿ ಕಳ್ಳತನದ ಕೇಸ್ ಕರೆದ್ರು, ಆರೋಪಿಗೆ ವಕೀಲರಿಲ್ಲ. ಜಡ್ಜ್ ಸಾಹೇಬ್ರು ನನ್ನ ಕಡಿ ನೋಡಿ ನೀವು ನೋಡ್ಕೊಳ್ರಿ ಅಂದ್ರು. ಫೈಲ್ ಕೈಗೆ ಬಂದು ಹತ್ತು ನಿಮಿಷಕ್ಕ ಸಾಕ್ಷಿ ಕಟಕಟಿಯಾಗ. ಆ ಸಾಕ್ಷಿ ಸರ್ಕಾರಿ ವಕೀಲರು ಕೇಳಿದಾಗ ರಾತ್ರಿ 2 ಗಂಟಿಗೆ ಇವನೇ ಹೊರಗ ಹೋಗೋದು ನೋಡ್ದೆ ಅಂತ ಅಷ್ಟೇ ಹೇಳಿದ್ದ, ಕತ್ತಲದಾಗ ಹ್ಯಾಂಗ ಕಾಣ್ತು ಅಂತ ಒಂದು ಮಾತೂ ಹೇಳಿದ್ದಿಲ್ಲ. ಅದನ್ನ ಹಂಗೇ ಬಿಟ್ಟು ಕುಂತಿದ್ರ ವಾದಕ್ಕ ಭಾಳ ದೊಡ್ಡ ಪಾಯಿಂಟ್ ಅದು. ನಾ ಏನ್ ಮಾಡ್ದೆ, ಎದ್ದು ನಿಂತು ಜೋರಾಗಿ ಕೇಳ್ದೆ, "ಕತ್ತಲಿತ್ತಲ್ಲ, ಮಖ ಹ್ಯಾಂಗ ಕಾಣ್ತು ನಿಮಗ?" ಅವ ಆರಾಮಾಗಿ ಅಂದ, "ಲೈಟಿನ ಕಂಬ ಅದರಿ ಅಲ್ಲಿ, ಮಖದ ಮ್ಯಾಲ ಬೆಳಕು ಬಿದ್ದಿತ್ತು." ಅದು ಹಂಗೇ ಟೈಪ್ ಆಯ್ತು. ಪ್ರಾಸಿಕ್ಯೂಷನ್‌ನವರು (ಸರ್ಕಾರದ ಕಡಿಯವರು) ಮುಚ್ಚದೆ ಬಿಟ್ಟಿದ್ದ ಗುಂಡಿ ನಾನೇ ಮುಚ್ಚಿಕೊಟ್ಟೆ. ಮುಂದ ತೀರ್ಪಿನಾಗ ಅದೇ ಸಾಲು ಬಂತು, ಶಿಕ್ಷೆ ಆಯ್ತು.

ಅವನನ್ನ ಕರ್ಕೊಂಡು ಹೋಗೋಮುಂದ ನಂಗ ಕೈ ಮುಗಿದು "ನನ್ನ ಸಲುವಾಗಿ ಚಲೋ ಮಾತಾಡಿದ್ರಿ ತಾಯಿ" ಅಂದ. ಅವಗ ಗೊತ್ತೇ ಆಗಿಲ್ಲ. ನಂಗೂ ಆವತ್ತು ಗೊತ್ತಾಗಿಲ್ಲ, ಎಷ್ಟೋ ತಿಂಗಳ ಮ್ಯಾಲ ನಮ್ಮ ಸೀನಿಯರ್ ಆ ಸಾಕ್ಷಿ ಹೇಳಿಕಿ (ಡಿಪೊಸಿಷನ್) ಓದಿ ಬೆರಳಿಟ್ಟು ತೋರಿಸಿದಾಗ ಗೊತ್ತಾಯ್ತು. ಆವತ್ತು ಅವರು ನನ್ನ ಬಾಜೂಕ ಇದ್ದಿದ್ರ, ಗೌನ್ ಹಿಡಿದು ಜಗ್ಗಿದ್ರ ಸಾಕಿತ್ತು.

ಅದಕ್ಕ 2019ರಾಗ ಸುಪ್ರೀಂ ಕೋರ್ಟ್ ಅನೋಖಿಲಾಲ್ ಕೇಸಿನಾಗ ಹೇಳಿದ್ದು ಓದಿದಾಗ ನಂಗ ಬ್ಯಾರೆ ಥರ ತಾಕ್ತು. ಜೀವಾವಧಿ ಇಲ್ಲಾ ಗಲ್ಲು ಆಗಬಹುದಾದ ಕೇಸ್‌ಗಳಿಗೆ ಕಡಿಮಿ ಅಂದ್ರೂ 10 ವರ್ಷ ಪ್ರಾಕ್ಟೀಸ್ ಆದವರನ್ನೇ ಕೊಡ್ರಿ, ತಯಾರಾಗ್ಲಾಕ ಸಾಮಾನ್ಯವಾಗಿ 7 ದಿನನಾದ್ರೂ ಟೈಮ್ ಕೊಡ್ರಿ ಅಂತ ಅದರಾಗ ಅದ. ಬರೋಬ್ಬರಿ ಮಾತು. ಆಗ ನಮ್ಮ ಎಷ್ಟೋ ಮಂದಿ ಹಂಗಾದ್ರ ಹೊಸಬರು ಎಲ್ಲಿ ಕಲಿಬೇಕು ಅಂತ ಕೇಳಿದ್ರು. ನಂಗ ಉತ್ತರ ಭಾಳ ಸರಳ ಅನಸ್ತದ. ಆ 10 ವರ್ಷ ಆದವರು ಇದ್ದಾರಲ್ಲ, ಅಂದ್ರ ನಾವು, ನಾವು ಕೇಸ್ ತಗೊಬೇಕು, ಹೊಸಬರು ನಮ್ಮ ಬಾಜೂಕ ಕುಂತು ಅರ್ಧ ಕೆಲಸ ತಾವು ಮಾಡ್ಬೇಕು. 2022ರ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಸ್ಕೀಮ್ (ಆರೋಪಿಗಳಿಗೆ ಫ್ರೀ ವಕೀಲರನ್ನ ಕೊಡೋ ಯೋಜನಾ) ಇರೋದೂ ಹಿಂಗೇ, 10 ವರ್ಷ ಆದ ಚೀಫ್, 7 ವರ್ಷ ಆದ ಡೆಪ್ಯೂಟಿ, ಅವರ ಕೈ ಕೆಳಗ 3 ವರ್ಷದೊಳಗಿನ ಅಸಿಸ್ಟೆಂಟ್. ಹೊಸಬರನ್ನ ದೂರ ಇಟ್ಟಿಲ್ಲ, ಒಬ್ಬರನ್ನೇ ಬಿಟ್ಟಿಲ್ಲ.

ಫೀಸ್ ಕೊಡೋ ಕೇಸಿನಾಗ ಜೂನಿಯರ್ ಏನ್ ಕಲಿತಾರ ಹೇಳ್ರಿ ಖರೇ? ಡೇಟ್ ತಗೊ, ಕೇಸ್ ಸ್ವಲ್ಪ ಹೊತ್ತು ಬಿಟ್ಟು ಕರೀರಿ ಅಂತ ಪಾಸ್‌ಓವರ್ ಕೇಳು, ಜೆರಾಕ್ಸ್ ಮಾಡ್ಸು. ಕಕ್ಷಿದಾರ ಮಾತಾಡೋದು ಸೀನಿಯರ್ ಜೊತಿ. ಲೀಗಲ್ ಏಡ್ ಕೇಸಿನಾಗ ಹಂಗಲ್ಲ, ಮೊದಲ ದಿನದಿಂದ ಕಡೀ ಆರ್ಡರ್ ತನಕ ಇಡೀ ಫೈಲ್ ಅವರ ಕೈಯಾಗ ಬರ್ತದ, ಮನುಷ್ಯರು ಎದುರಿಗೆ ಬಂದು ಕುಂದರ್ತಾರ.

ಈಗ ನನ್ನ ಜೊತಿ ಒಬ್ಬಾಕಿ ಜೂನಿಯರ್ ಹುಡುಗಿ ಅದಾಳ, ವಕೀಲಿಕಿ ಶುರು ಮಾಡಿ ಎರಡನೇ ವರ್ಷ. ಜೇವರ್ಗಿ ಕಡಿಂದ ಒಬ್ಬ ಹೆಣ್ಮಗಳು ಬಂದಿದ್ಲು, ಗಂಡ ಪುಣೆಕ ದುಡಿಲಾಕ ಹೋದವ ಎರಡು ವರ್ಷದಿಂದ ಒಂದು ರೂಪಾಯಿ ಕಳ್ಸಿಲ್ಲ, ಇಬ್ರು ಮಕ್ಕಳು. ಮೇಂಟೆನನ್ಸ್ (ಜೀವನಾಂಶ) ಅರ್ಜಿ. 2020ರ ರಜನೀಶ್ ವರ್ಸಸ್ ನೇಹಾ ತೀರ್ಪು ಬಂದ ಮ್ಯಾಲ ಇಂಥ ಕೇಸಿನಾಗ ಇಬ್ರೂ ತಮ್ಮ ಆಸ್ತಿ, ಆದಾಯ, ಸಾಲ ಎಲ್ಲಾ ಬರೆದು ಅಫಿಡವಿಟ್ (ಪ್ರಮಾಣಪತ್ರ) ಹಾಕಬೇಕು. ನಮ್ಮ ಹುಡುಗಿ ನೀಟಾಗಿ ಬರ್ಕೊಂಡು ಬಂದಿದ್ಲು, "ಅರ್ಜಿದಾರಳು ಗೃಹಿಣಿ, ಯಾವುದೇ ಆದಾಯ ಇರುವುದಿಲ್ಲ."

ನಾ ಕೇಳ್ದೆ, "ಆಕಿ ಕೈ ನೋಡೀಯೇನು?" ಸುಮ್ನ ನಿಂತ್ಲು. ಹೊರಗ ಬೆಂಚಿನ ಮ್ಯಾಲ ಕುಂತಿದ್ದ ಆ ತಾಯೀನ ಒಳಗ ಕರೆದು "ಯವ್ವಾ, ಕೂಲಿಗೆ ಹೋಗ್ತಿಯೇನು" ಅಂದೆ. "ಹೋಗ್ದೆ ಹೊಟ್ಟಿಗೇನ್ ತಿನ್ನಲ್ರಿ? ಹತ್ತಿ ಬಿಡಸ್ಲಾಕ, ತೊಗರಿ ಕೊಯ್ಲಾಕ, ಬ್ಯಾಸಗಿದಾಗ ಖಾತ್ರಿ ಕೆಲಸಕ್ಕ." ಕೈಗೆಲ್ಲಾ ಹತ್ತಿಕಾಯಿ ಸಿಪ್ಪಿ ಗೀರಿದ ಗುರ್ತು. ಖಾತ್ರಿ ದುಡ್ಡು ಪಾಸ್‌ಬುಕ್‌ನಾಗ ಬರ್ತದ, ಪಾಸ್‌ಬುಕ್ ಅಫಿಡವಿಟ್ ಜೊತಿ ಹಚ್ಚಬೇಕು. ಎದುರಿನ ವಕೀಲರು ಕ್ರಾಸ್‌ನಾಗ (ಪಾಟಿಸವಾಲಿನಾಗ) ಕೇಳೋ ಮೊದಲ ಪ್ರಶ್ನಿನೇ ಅದು, ಕೂಲಿ ಮಾಡ್ತೀರಾ? ಆಕಿ ಸುಳ್ಳು ಹೇಳೋ ಹೆಣ್ಮಗಳಲ್ಲ, ಹೌದ್ರಿ ಅಂತಾಳ, ಅಲ್ಲಿಗೆ ಆಕಿ ಹೇಳೋ ಖರೇ ಮಾತೂ ಯಾರೂ ನಂಬಲ್ಲ. ಆ ಸುಳ್ಳು ಆಕಿದಲ್ಲ, ನಮ್ದು. ಆಕಿಗೆ ಒಳ್ಳೇದಾಗ್ಲಿ ಅಂತ ನಾವು ಬರೆದಿದ್ದು. ಕೂಲಿ ಸಿಗೋ ತಿಂಗಳು ಎಷ್ಟು, ಸಿಗದ ತಿಂಗಳು ಎಷ್ಟು, ಆ ತಿಂಗಳದಾಗ ಕಿರಾಣಿ ಅಂಗಡಿ ಉದ್ರಿ ಎಷ್ಟು, ಎಲ್ಲಾ ಹಂಗೇ ಬರೆದ್ರ ಕೋರ್ಟಿಗೆ ಇನ್ನೂ ಚಲೋ ತಿಳಿತದ ಅಂತ ಹೇಳ್ದೆ. ಹುಡುಗಿ ಆ ತಾಯಿ ಬಾಜೂಕ ನೆಲಕ್ಕ ಕುಂತು ಒಂದು ತಾಸು ಕೇಳಿ ಕೇಳಿ ಬರೆದ್ಲು. ಕಡೀಗಿ ಕಿವಿ ಓಲಿ ಒತ್ತಿ ಇಟ್ಟಿದ್ದ ಚೀಟಿನೂ ಸೀರಿ ಸೆರಗಿನ ಗಂಟಿನಿಂದ ಹೊರಗ ಬಂತು. ಲಾ ಕಾಲೇಜಿನಾಗ ಐದು ವರ್ಷ ಕಲಿಸಿದ್ರೂ ಆ ಗಂಟು ಬಿಚ್ಚಸೋದು ಬರಲ್ರಿ.

ಕಲಿಯೋದು ಒಂದು ಕಡಿಂದ ಅಷ್ಟೇ ಅಲ್ಲ. ನಂಗ ಲಂಬಾಣಿ ಭಾಷಾ ಬರಲ್ಲ. ಚಿತ್ತಾಪುರ ಕಡೀ ತಾಂಡಾದ ಒಬ್ಬ ಜೂನಿಯರ್ ಹುಡುಗ ನನ್ನ ಜೊತಿ ಜೈಲಿಗೆ ಬಂದ ದಿನ, ಮೂರು ಭೇಟಿ ತನಕ ಬಾಯಿ ಬಿಡದ ಒಬ್ಬ ಮುದುಕ ಅವನ ಹತ್ರ ಮನಿ ಮಾತೆಲ್ಲಾ ಹೇಳ್ದ. ಆ ಮುದುಕಗ ಚಾರ್ಜ್‌ಶೀಟ್ ಇನ್ನೂ ಬಂದಿದ್ದಿಲ್ಲ, ಕೋರ್ಟ್ ಕಸ್ಟಡಿಗೆ ಕಳಿಸಿದ (ರಿಮಾಂಡ್) ದಿನನೂ ಸೇರಿಸಿ ಎಣಿಸಬೇಕು ಅಂತ 2023ರಾಗ ಸುಪ್ರೀಂ ಕೋರ್ಟ್ ಹೇಳ್ಯಾದ ಅಂತ ನಾ ಹೇಳ್ಕೊಟ್ಟೆ, ಅವ ಕ್ಯಾಲೆಂಡರ್ ಹಿಡ್ಕೊಂಡು ಎಣಿಸಿ ಆ ಕೇಸಿಗಿದ್ದ 60 ದಿನ ತುಂಬಿದ ಮರುದಿನ ಬೆಳಿಗ್ಗೆನೇ ಡೀಫಾಲ್ಟ್ ಬೇಲ್ (ಟೈಮಿನೊಳಗ ಚಾರ್ಜ್‌ಶೀಟ್ ಬರದಿದ್ರ ಸಿಗೋ ಜಾಮೀನು) ಅರ್ಜಿ ತಯಾರ ಮಾಡಿದ. ಒಂದು ದಿನ ಮೈಮರೆತು ಚಾರ್ಜ್‌ಶೀಟ್ ಮೊದಲು ಬಂದುಬಿಟ್ರ ಆ ಹಕ್ಕೇ ಹೋಗ್ತದ.

ಇನ್ನ ರೊಕ್ಕದ ಮಾತು. ಸೇವಾ ಅಂದ್ರ ಜೂನಿಯರ್ ಉಪಾಸ ಇರೋದಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದವರು 2024ರ ಅಕ್ಟೋಬರ್‌ನಾಗ ಜೂನಿಯರ್‌ಗಳಿಗೆ ಊರಕಡಿ ತಿಂಗಳಿಗೆ 15,000, ಪಟ್ಟಣದಾಗ 20,000 ಆದ್ರೂ ಕೊಡ್ರಿ ಅಂತ ಸರ್ಕ್ಯುಲರ್ ಮಾಡ್ಯಾರ, ಅದು ಬರೇ ಶಿಫಾರಸು. ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಕಡೀ ಎಷ್ಟು ಆಫೀಸಿನಾಗ ಕೊಡ್ತಾರ, ಎದಿ ಮುಟ್ಕೊಂಡು ಹೇಳ್ರಿ. ಹುಡುಗ್ಯಾರಿಗೆ ಶಕ್ತಿ ಬಸ್ ಅದ, ತಾಂಡಾದಿಂದ ಬರೋ ಹುಡುಗ ದಿನಾ ಟಿಕೆಟ್ ತಗೊಂಡೇ ಬರಬೇಕು. ಫ್ರೀ ಕೇಸಿನ ಓಡಾಟ, ಟೈಪಿಂಗ್, ಊಟದ ಖರ್ಚು ಸೀನಿಯರ್ ಜೇಬಿನಿಂದ ಹೋಗಬೇಕು. ಉಚಿತ ಸೇವಾ ವಕೀಲರ ಎಲ್ಲಕ್ಕಿಂತ ದೊಡ್ಡ ಜವಾಬ್ದಾರಿಗಳಾಗ ಒಂದು ಅಂತ ಬಾರ್ ಕೌನ್ಸಿಲ್ ನಿಯಮ 46 ಹೇಳ್ತದ, ಅದೂ ಅವರವರ ಆರ್ಥಿಕ ಶಕ್ತಿ ನೋಡ್ಕೊಂಡು ಅಂತ. ಶಕ್ತಿ ಇರೋರು ಯಾರು, ನಾವೋ ಆ ಹುಡುಗರೋ?

ನಮ್ಮ ಬಾರ್‌ನಾಗ 15, 20 ವರ್ಷ ಆದ ಸೀನಿಯರ್‌ಗಳಿಗೆ ನಾ ಕೇಳೋದು ಇಷ್ಟೇ, ವರ್ಷಕ್ಕ ಎರಡು ಕೇಸ್ ನಿಮ್ಮ ಹೆಸರಿನ ಮ್ಯಾಲ ತಗೋರಿ, ವಕಾಲತ್‌ನಾಮಾದಾಗ ಒಬ್ಬ ಜೂನಿಯರ್ ಹೆಸರೂ ಹಾಕ್ರಿ, ಅವರು ಎದ್ದು ನಿಂತಾಗ ನೀವು ಬಾಜೂಕ ಇರ್ರಿ. ಇದನ್ನ ಓದಿದ ಯಾರಾದ್ರೂ ಹೆಣ್ಮಕ್ಕಳಿಗೆ ವಕೀಲರು ಬೇಕಿದ್ರ ಒಂದು ಮಾತು, ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಲೀಗಲ್ ಏಡ್ ಫ್ರೀ ಅದ, 15100ಕ್ಕ ಫೋನ್ ಮಾಡ್ರಿ.

ಜೇವರ್ಗಿ ತಾಯಿ ಕೇಸಿನಾಗ ಮುಂದಿನ ವಾರ ಗಂಡನ ಕ್ರಾಸ್ ಅದ. ಹುಡುಗಿ 14 ಪ್ರಶ್ನಿ ಬರ್ಕೊಂಡು ಬಂದಿದ್ಲು. ರಾತ್ರಿ ಆಫೀಸಿನಾಗ ಕುಂತು ಒಂದೊಂದಕ್ಕೂ "ಅವ ಇದಕ್ಕ ಏನ್ ಉತ್ತರ ಕೊಟ್ರ ನಿನಗ ನಷ್ಟ" ಅಂತ ಕೇಳಿದೆ, 8 ಪ್ರಶ್ನಿ ತಾನೇ ಹೊಡೆದು ಹಾಕಿದ್ಲು. ಉಳಿದ 6 ಆಕಿನೇ ಕೇಳ್ತಾಳ, ನಾ ಬಾಜೂಕ ಕುಂತಿರ್ತೀನಿ.