ರಾತ್ರಿ ಹನ್ನೊಂದೂವರೆಗೆ ಸಂಸ್ಕೃತಿ

ಕಳೆದ ವಾರ ನನಗೆ ಸಂಸ್ಕೃತಿ ಕಲಿಸಿದರು. ರಾತ್ರಿ ಹನ್ನೊಂದೂವರೆಗೆ.

ಬೇರೆ ಬೇರೆ ದೇಶದವರ ಜೊತೆ ಮೀಟಿಂಗ್ ಇಡುವಾಗ ಅವರ ರೀತಿ ರಿವಾಜಿಗೆ ಹೇಗೆ ಬೆಲೆ ಕೊಡಬೇಕು ಅನ್ನುವುದು ಪಾಠ. ಕಲಿಸುವವರ ಹಿಂದಿನ ಕಿಟಕಿಯಲ್ಲಿ ಬಿಸಿಲು ಫಳಫಳ ಹೊಳೆಯುತ್ತಿತ್ತು. ನನ್ನ ಪಕ್ಕದ ಚೌಕದಲ್ಲಿ ಒಬ್ಬಾಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಮೈಕ್ ಮ್ಯೂಟ್ ಮಾಡಿ, ತುಟಿ ಮಾತ್ರ ಅಲ್ಲಾಡಿಸುತ್ತಿದ್ದರು. ಜೋಗುಳವೋ ಬೈಗುಳವೋ ಗೊತ್ತಾಗಲಿಲ್ಲ.

ಸ್ಲೈಡಿಗೊಂದು ಬಾವುಟ. ಬಾವುಟದ ಕೆಳಗೆ ಮೂರು ಸಾಲು. ಜರ್ಮನಿಯವರು ಗಡಿಯಾರ ಇದ್ದ ಹಾಗೆ. ಬ್ರೆಜಿಲ್‌ನವರು ತಡವಾಗಿ ಬರುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಜಪಾನಿನವರು ತಮ್ಮ ಭಾಷೆಯಲ್ಲಿ ಹೌದು ಅನ್ನಲು 'ಹಾಯ್' ಅಂದರೆ ಒಪ್ಪಿದರು ಅಂತಲ್ಲ, ಕೇಳಿಸಿತು ಅಂತ. ಎಂಥಾ ಜ್ಞಾನ ನೋಡಿ! ಕೋಟಿಗಟ್ಟಲೆ ಜನರ ಸ್ವಭಾವ ಮೂರು ಸಾಲಿನಲ್ಲಿ ಮುಗಿದೇ ಹೋಯಿತು. ಜ್ಯೋತಿಷಿ ಕೂಡ ಕಡೇಪಕ್ಷ ಹುಟ್ಟಿದ ಗಳಿಗೆ ಕೇಳುತ್ತಾನೆ. ಇವರಿಗೆ ಪಾಸ್‌ಪೋರ್ಟಿನ ಬಣ್ಣ ಸಾಕು.

ಆ ಗಡಿಯಾರದಂಥ ಜರ್ಮನಿಯಲ್ಲಿ 2024ರಲ್ಲಿ ದೂರದ ರೈಲುಗಳು ಹೊತ್ತಿಗೆ ಸರಿಯಾಗಿ ಬಂದಿದ್ದು ನೂರಕ್ಕೆ 62.5 ಸಲ. ಅದೂ ಆರು ನಿಮಿಷಕ್ಕಿಂತ ಕಡಿಮೆ ತಡವಾದರೆ ತಡವೇ ಅಲ್ಲ ಅನ್ನುವ ಲೆಕ್ಕದಲ್ಲಿ. ಸ್ಲೈಡ್ ಮಾಡಿದವರು ಆ ರೈಲು ಹತ್ತಿದಂತಿಲ್ಲ. ಜಪಾನಿನಲ್ಲಿ 2017ರಲ್ಲಿ ಒಂದು ರೈಲು ಇಪ್ಪತ್ತು ಸೆಕೆಂಡ್ ಬೇಗ ಹೊರಟಿತೆಂದು ಕಂಪನಿ ಕ್ಷಮೆ ಕೇಳಿತ್ತು. ಅದೇ ಜಪಾನಿನಲ್ಲಿ ಒಂದು ತೀರ್ಮಾನ ಹೊರಡಬೇಕಾದರೆ ವಾರಗಟ್ಟಲೆ ಬೇಕು. ಮೀಟಿಂಗಿಗೆ ಮುಂಚೆಯೇ ಒಬ್ಬೊಬ್ಬರನ್ನೂ ಬೇರೆಯಾಗಿ ಕಂಡು ಒಪ್ಪಿಸಿಕೊಂಡು ಬರುತ್ತಾರೆ. ನೆಮವಾಶಿ ಅಂತ ಅದಕ್ಕೆ ಹೆಸರು. ಗಿಡ ಕಿತ್ತು ಬೇರೆ ಕಡೆ ನೆಡುವ ಮುಂಚೆ ಬೇರಿನ ಸುತ್ತ ಮಣ್ಣು ಬಿಡಿಸುವ ಕೆಲಸಕ್ಕಿದ್ದ ಮಾತು ಅದು. ಮೀಟಿಂಗ್ ಬರೀ ಶಾಸ್ತ್ರಕ್ಕೆ. ನನಗೆ ಇದು ತುಂಬಾ ಹಿಡಿಸಿತು. ನಮ್ಮಲ್ಲೂ ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ, ಆದರೆ ನಮ್ಮನ್ನು ಯಾರೂ ಕಾಣಲು ಬಂದಿರುವುದಿಲ್ಲ.

ಇನ್ನು ಹೊತ್ತು ಗೊತ್ತು ಮಾಡುವ ಭಾಗ್ಯ. ಇಂಗ್ಲೆಂಡಿನವರು 'ಹಾಫ್ ತ್ರೀ' ಅಂದರೆ ಮೂರೂವರೆ. ಜರ್ಮನ್ನರು 'ಹಾಲ್ಪ್ ದ್ರೈ' ಅಂದರೆ ಎರಡೂವರೆ. ಇಬ್ಬರ ಬಾಯಲ್ಲೂ ಅದು ಅರ್ಧ ಮೂರೇ. ಒಬ್ಬರು ಮೂರು ದಾಟಿ ಅರ್ಧ ನಡೆದಿದ್ದಾರೆ, ಇನ್ನೊಬ್ಬರು ಮೂರರ ಕಡೆಗೆ ಅರ್ಧ ನಡೆದಿದ್ದಾರೆ. ನಡುವೆ ಒಂದು ಗಂಟೆ ಖಾಲಿ ಪರದೆ ನೋಡುತ್ತಾ ಕೂತವನು ನಾನು. ತಾರೀಖಿನ ಕಥೆ ನಿಮಗೇ ಗೊತ್ತು: 03/04 ಅಂದರೆ ಒಬ್ಬರಿಗೆ ಏಪ್ರಿಲ್ ಮೂರು, ಅಮೆರಿಕದವರಿಗೆ ಮಾರ್ಚ್ ನಾಲ್ಕು. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರೆಯಿರಪ್ಪಾ ಅಂತ 1988ರಲ್ಲೇ ಅಂತರರಾಷ್ಟ್ರೀಯ ನಿಯಮ ಬಂತು. ಯಾರು ಕೇಳುತ್ತಾರೆ?

ಒಂದೇ ಭಾಷೆ ಆಡುವವರದ್ದೂ ಇದೇ ಪಾಡು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳು ಒಂದು ಕಾಗದವನ್ನು 'ಟೇಬಲ್' ಮಾಡೋಣ ಅಂದರಂತೆ, ಅಂದರೆ ಈಗಲೇ ಚರ್ಚೆಗೆ ಎತ್ತಿಕೊಳ್ಳೋಣ ಅಂತ. ಅಮೆರಿಕದವರ ಕಿವಿಗೆ ಅದು 'ಡ್ರಾಯರಿಗೆ ಹಾಕಿ ಮರೆಯೋಣ' ಅಂತ ಕೇಳಿಸಿತು. ಬಹಳ ಹೊತ್ತು ಕಿತ್ತಾಡಿದ ಮೇಲೆ ಗೊತ್ತಾಯಿತು, ಇಬ್ಬರಿಗೂ ಬೇಕಾಗಿದ್ದು ಒಂದೇ. ಚರ್ಚಿಲ್ಲರೇ ಬರೆದಿಟ್ಟಿದ್ದಾರೆ. ಪಾಪ, ಅವರಿಗೆ ಬಾವುಟದ ಸ್ಲೈಡ್ ಇರಲಿಲ್ಲ ಅಲ್ವಾ?

ಆದರೆ ಆ ಸ್ಲೈಡುಗಳಲ್ಲಿ ಇಲ್ಲದ ಒಂದು ದೇಶ ನನಗೆ ಬಹಳ ಇಷ್ಟ. ಸಮೋವಾ. ಶಾಂತಸಾಗರದ ಪುಟ್ಟ ದ್ವೀಪಗಳು, ದಿನ ಬದಲಾಗುವ ಗೆರೆಯ ಪಕ್ಕದಲ್ಲೇ ಇವೆ. 1892ರಲ್ಲಿ ಅದರ ವ್ಯಾಪಾರ ಅಮೆರಿಕದ ಕಡೆ ವಾಲಿತ್ತು. ವ್ಯಾಪಾರಿಗಳ ಮಾತು ಕೇಳಿ ದೇಶ ಗೆರೆಯ ಆ ಬದಿಗೆ ಹಾರಿತು. ಆ ವರ್ಷ ಅಲ್ಲಿ ಜುಲೈ ನಾಲ್ಕು ಎರಡು ಸಲ ಬಂತು. ಅದೂ ಅಮೆರಿಕದ ಸ್ವಾತಂತ್ರ್ಯ ದಿನ! ಇದಕ್ಕಿಂತ ಜಾಸ್ತಿ ವಿನಯ ಯಾರು ತೋರಿಸುತ್ತಾರೆ?

ನೂರಾ ಹತ್ತೊಂಬತ್ತು ವರ್ಷ ಕಳೆಯುವ ಹೊತ್ತಿಗೆ ವ್ಯಾಪಾರ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಹೊರಳಿತ್ತು. ಸಮೋವಾದಲ್ಲಿ ಶುಕ್ರವಾರ ಅಂದರೆ ಅಲ್ಲಿ ಆಗಲೇ ಶನಿವಾರ, ಫೋನ್ ಎತ್ತುವವರಿಲ್ಲ. ಇಲ್ಲಿ ಭಾನುವಾರ ಅಂದರೆ ಅಲ್ಲಿ ಸೋಮವಾರ, ಫೋನ್ ಎತ್ತಲು ಇವರಿಲ್ಲ. ವಾರಕ್ಕೆ ಎರಡು ದಿನ ದಂಡ. ಸರಿ, 2011ರ ಡಿಸೆಂಬರ್ 29ರ ರಾತ್ರಿ ಮಲಗಿದ ಜನ ಎದ್ದಾಗ 31 ಆಗಿತ್ತು. ಆ ವರ್ಷದ ಡಿಸೆಂಬರ್ 30 ಅನ್ನುವ ಶುಕ್ರವಾರವೇ ಆ ದೇಶದಲ್ಲಿ ಹುಟ್ಟಲಿಲ್ಲ. ದುಡ್ಡು ಬರುವ ದಿಕ್ಕು ಬದಲಾಯಿತು, ದಿನವನ್ನೇ ಹೊತ್ತುಕೊಂಡು ಈಚೆಗೆ ಬಂದರು.

ಸೌದಿ ಅರೇಬಿಯಾ 2013ರಲ್ಲಿ ವಾರದ ರಜೆಯನ್ನು ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಜರುಗಿಸಿತು. ಯುಎಇ 2022ರಲ್ಲಿ ಶನಿವಾರ-ಭಾನುವಾರಕ್ಕೇ ಬಂದುಬಿಟ್ಟಿತು. ಜಗತ್ತಿನ ಮಾರುಕಟ್ಟೆ ಜೊತೆ ಹೆಜ್ಜೆ ಹಾಕಬೇಕಲ್ಲ.

ಅಂದಮೇಲೆ ಇಷ್ಟೊತ್ತು ಕಲಿಸಿದ್ದು ಏನು? ಹತ್ತು ವರ್ಷದಿಂದ ಹೊರದೇಶದವರ ಜೊತೆ ಮೀಟಿಂಗ್ ಇಡುವ ಇದೇ ಕೆಲಸ ಮಾಡುತ್ತಿದ್ದೇನೆ. ಬಿಲ್ ಕಟ್ಟುವವರ ಕಡೆ ರಾತ್ರಿ ಎರಡು ಗಂಟೆಗೆ ಒಂದು ಮೀಟಿಂಗ್ ಬಿದ್ದಿದ್ದನ್ನು ನಾನು ನೋಡಿಲ್ಲ. ಅವರ ರಜೆ ಕ್ಯಾಲೆಂಡರಿನಲ್ಲಿ ಕೆಂಪಾಗಿ ಕೂತಿರುತ್ತದೆ. ನಮ್ಮ ರಜೆ ನಾವು ಹೇಳಿದ ಮೇಲೆ 'ಓ ಹೌದಾ, ಶುಭಾಶಯಗಳು' ಆಗುತ್ತದೆ, ಮೀಟಿಂಗ್ ಇದ್ದಲ್ಲೇ ಇರುತ್ತದೆ. ಮಾರ್ಚ್ ಎರಡನೇ ಭಾನುವಾರ ಅಮೆರಿಕ ತನ್ನ ಗಡಿಯಾರ ಮುಂದಕ್ಕೆ ತಿರುಗಿಸುತ್ತದೆ, ಕೊನೆಯ ಭಾನುವಾರ ಯುರೋಪು ತಿರುಗಿಸುತ್ತದೆ. ಎರಡು ಸಲವೂ ನಿದ್ದೆ ಹೊಂದಿಸಿಕೊಳ್ಳುವವರು, ಗಡಿಯಾರ ಮುಟ್ಟದ ದೇಶದ ನಾವು. ಇದರಲ್ಲಿ ಸಂಸ್ಕೃತಿ ಎಲ್ಲಿದೆ? ಸುಸ್ತಾಗಿದೆ ಸ್ವಾಮಿ, ಅಷ್ಟೇ.

ಪ್ರಶ್ನೆ ಕೇಳಿ ಅಂದರು. ಕೇಳಿದೆ: ಒಂದು ತಿಂಗಳು ನಮಗೆ ರಾತ್ರಿ, ಒಂದು ತಿಂಗಳು ನಿಮಗೆ ರಾತ್ರಿ, ಹೀಗೆ ಸರದಿ ಮಾಡಬಹುದಾ? ಅವರು ಬಹಳ ಸಂತೋಷಪಟ್ಟರು. 'ಅದ್ಭುತ ಪ್ರಶ್ನೆ, ಸದ್ಯಕ್ಕೆ ಪಾರ್ಕಿಂಗ್ ಲಾಟಿಗೆ ಹಾಕೋಣ' ಅಂದರು, ಅಂದರೆ ಆಮೇಲೆ ನೋಡೋಣ ಅಂತ. ಅದು ಅಲ್ಲೇ ನಿಂತಿದೆ. ಟೈರಿನ ಗಾಳಿ ಹೋಗಿರಬೇಕು.

ಹನ್ನೆರಡು ನಲವತ್ತಕ್ಕೆ ಫೀಡ್‌ಬ್ಯಾಕ್ ಫಾರ್ಮ್ ಬಂತು. 'ದಯವಿಟ್ಟು ಇವತ್ತಿನ ದಿನ ಮುಗಿಯುವುದರೊಳಗೆ ತುಂಬಿ ಕಳಿಸಿ' ಅಂತಿತ್ತು. ನನ್ನ ದಿನ ಮುಗಿದು ಆಗಲೇ ನಲವತ್ತು ನಿಮಿಷ ಆಗಿತ್ತು. ಸುಮ್ನೆ ಐದಕ್ಕೆ ಐದು ನಕ್ಷತ್ರ ಒತ್ತಿ ಕಳಿಸಿದೆ.